ಮೀನು ಹಿಡಿಯುವ ಸಣ್ಣ ದೋಣಿಗೆ 12 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿ: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಜೊತೆಗೆ ಇಷ್ಟು ಬೇಕು

ದೋಣಿಗೆ ಬ್ಯಾಟರಿ ಕೊಳ್ಳುವ ಮೊದಲು ಮೋಟಾರಿನ ಹೊಟ್ಟೆ ಎಷ್ಟು ದೊಡ್ಡದು ಅಂತ ನೋಡಬೇಕು. ಹತ್ತು ಹನ್ನೆರಡು ಅಡಿಯ ಫೈಬರ್ ದೋಣಿಗೆ ಅಥವಾ ಗಾಳಿ ತುಂಬುವ ದೋಣಿಗೆ ಸಾಕಾಗುವ ಮಿನ್ ಕೋಟಾ ಕಂಪನಿಯ ಎಂಡ್ಯೂರಾ ಸಿ2 30 ಎಂಬ ವಿದ್ಯುತ್ ಮೋಟಾರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 30 ಪೌಂಡ್ ತಳ್ಳುವ ಶಕ್ತಿ, ಮುಂದಕ್ಕೆ ಐದು ಸ್ಪೀಡು, ಹಿಂದಕ್ಕೆ ಮೂರು. ಐದನೇ ಸ್ಪೀಡಿನಲ್ಲಿ ಇದು 30 ಆಂಪಿಯರ್ ತನಕ ಎಳೆಯುತ್ತದೆ. 55 ಪೌಂಡಿನದಾದರೆ 50 ಆಂಪಿಯರ್. ಬ್ಯಾಟರಿ, ಕೇಬಲ್, ಬ್ರೇಕರ್ ಎಲ್ಲವೂ ನಿರ್ಧಾರವಾಗುವುದು ಈ ಒಂದು ಸಂಖ್ಯೆಯಿಂದ. ಇಲ್ಲಿ ಬರೆದಿರುವುದು 30 ಪೌಂಡಿನ ಮೋಟಾರಿಗೆ 12.8 ವೋಲ್ಟ್ (ರೂಢಿಯಲ್ಲಿ 12 ಅನ್ನುತ್ತಾರೆ), 100 ಎಎಚ್ (ಆಂಪಿಯರ್ ಅವರ್, ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡುತ್ತದೆ ಎಂಬ ಅಳತೆ) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೇಗೆ ಹೊಂದುತ್ತದೆ ಎಂಬ ಬಗ್ಗೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಧಾರಾಳವಾಗಿ ಕೊಳ್ಳಬಹುದು. ಆದರೆ ಕೈಯಲ್ಲಿರುವ ದುಡ್ಡನ್ನೆಲ್ಲ ಬ್ಯಾಟರಿಗೇ ಸುರಿದು, ಕೇಬಲ್ಲು, ಲಗ್ಗು (ಕೇಬಲ್ ತುದಿಗೆ ಕೂರಿಸುವ ಲೋಹದ ಬಳೆ), ಚಾರ್ಜರಿನಲ್ಲಿ ಉಳಿಸಲು ಹೋದರೆ ಒಳ್ಳೆಯ ಬ್ಯಾಟರಿಯೂ ಕೆಟ್ಟ ಹೆಸರು ಪಡೆಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಗೆ. ಅದೇನೂ ಕಳಪೆ ವಸ್ತುವಲ್ಲ, ಮನೆಯ ಮೂಲೆಯಲ್ಲಿ ಅಲುಗಾಡದೆ ಕೂತು ವರ್ಷಗಟ್ಟಲೆ ದುಡಿಯುತ್ತದೆ. ದೋಣಿಗೆ ಅದು ಒಗ್ಗದಿರುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ತೂಕ. 150 ಎಎಚ್ ಟ್ಯೂಬುಲರ್ ಆಸಿಡ್ ತುಂಬಿದ ಮೇಲೆ 50 ಕಿಲೋ ದಾಟುತ್ತದೆ. ಅದು ಹಿಂಭಾಗದಲ್ಲಿ, ಮೋಟಾರ್ ಹಿಂಭಾಗದಲ್ಲಿ, ಹಿಡಿ ಹಿಡಿದು ಕೂತವರೂ ಹಿಂಭಾಗದಲ್ಲಿ ಅಂದರೆ ದೋಣಿಯ ಮೂತಿ ಮೇಲೆದ್ದು ಹಿಂದಿನ ಅಂಚು ನೀರಿಗೆ ಹತ್ತಿರವಾಗುತ್ತದೆ. ಜಲಾಶಯದಲ್ಲಿ ಮಧ್ಯಾಹ್ನದ ಗಾಳಿಗೆ ಅಲೆ ಏಳುವಾಗ ಇದು ನಿಜವಾದ ಅಪಾಯ. ಎರಡನೆಯದು ಆಸಿಡ್: ದೋಣಿ ವಾಲಿದಾಗ ವೆಂಟ್ ಮುಚ್ಚಳದಿಂದ ಜಿನುಗಿದ್ದು ಹಗ್ಗ, ಲೈಫ್ ಜಾಕೆಟ್, ಬಟ್ಟೆ ಯಾವುದನ್ನೂ ಬಿಡುವುದಿಲ್ಲ.

ಮೂರನೆಯದು ಲೆಕ್ಕದ್ದು, ಬಹಳ ಜನ ಮೋಸ ಹೋಗುವುದು ಇಲ್ಲೇ. ಲೆಡ್ ಆಸಿಡ್ ಬ್ಯಾಟರಿಯ ಮೇಲೆ ಬರೆದ 100 ಎಎಚ್ ಎಂಬುದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ. 5 ಆಂಪಿಯರಿನಂತೆ ನಿಧಾನವಾಗಿ ಎಳೆದರೆ ಮಾತ್ರ ಅಷ್ಟು ಸಿಗುತ್ತದೆ. 30 ಆಂಪಿಯರ್ ಎಳೆದಾಗ ಅದೇ ಬ್ಯಾಟರಿ ಸುಮಾರು 70 ಎಎಚ್ ಕೊಟ್ಟು ಸುಸ್ತಾಗುತ್ತದೆ. ಆ ಎಪ್ಪತ್ತನ್ನೂ ಪೂರ್ತಿ ಬಳಸುವಂತಿಲ್ಲ, ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಪ್ಲೇಟುಗಳ ಆಯುಸ್ಸು ಬೇಗ ಮುಗಿಯುತ್ತದೆ. ಕೈಗೆ ಸಿಗುವುದು 35 ಎಎಚ್, ಅಂದರೆ ಪೂರ್ತಿ ವೇಗದಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಲಿಥಿಯಂನಲ್ಲಿ ಈ ನಷ್ಟ ತೀರಾ ಕಡಿಮೆ. 100 ಎಎಚ್‌ನಲ್ಲಿ 80ನ್ನು ನಿಶ್ಚಿಂತೆಯಿಂದ ಬಳಸಬಹುದು. ಅದೇ 30 ಆಂಪಿಯರಿಗೆ ಎರಡು ಗಂಟೆ ನಲವತ್ತು ನಿಮಿಷ, ತೂಕ 10ರಿಂದ 13 ಕಿಲೋ. ಒಂದು, ಎರಡನೇ ಸ್ಪೀಡಿನಲ್ಲಿ ಎಳೆತ 30ರ ಅರ್ಧಕ್ಕೂ ಕಡಿಮೆ ಇರುವುದರಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ದಡದಗುಂಟ ಮೀನು ಹುಡುಕುತ್ತಾ ಹೋಗುವುದಕ್ಕೆ ಸಾಲುತ್ತದೆ. ಕಾರಿನ ಸ್ಟಾರ್ಟಿಂಗ್ ಬ್ಯಾಟರಿಯ ಮಾತು ಬೇಡವೇ ಬೇಡ. ಅದರ ತೆಳು ಪ್ಲೇಟುಗಳು ಕೆಲವೇ ಸೆಕೆಂಡು ಭಾರಿ ಕರೆಂಟ್ ಕೊಡಲು ಮಾಡಿದಂಥವು, ಆಳಕ್ಕೆ ಇಳಿಸಿದರೆ ಬೇಗನೆ ಸಾಯುತ್ತವೆ.

ಬೆಲೆ ಸಾಮಾನ್ಯವಾಗಿ ಟ್ಯೂಬುಲರಿನ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಅಂಗಡಿಯಲ್ಲೇ ನೋಡಿ ತಿಳಿಯಬೇಕಾದ ಕೆಲವು ಸಂಗತಿಗಳಿವೆ. ತಕ್ಕಡಿ ಮೊದಲ ಸಾಕ್ಷಿ. 100 ಎಎಚ್‌ನ ಪ್ರಿಸ್ಮ್ಯಾಟಿಕ್ (ಚಪ್ಪಟೆ ಪೆಟ್ಟಿಗೆಯಾಕಾರದ) ಸೆಲ್ ಒಂದೊಂದೇ ಸುಮಾರು ಎರಡು ಕಿಲೋ ತೂಗುತ್ತದೆ. ಅಂಥ ನಾಲ್ಕು ಸೆಲ್, ಮೇಲೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ, ಅಪಾಯವಾದಾಗ ಸಂಪರ್ಕ ಕಡಿಯುವ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್) ಮತ್ತು ಡಬ್ಬಿ ಸೇರಿದರೆ ಹತ್ತು ಕಿಲೋ ಆಸುಪಾಸು ಬರಲೇಬೇಕು. ಆರೇಳು ಕಿಲೋದ ಡಬ್ಬಿಯ ಮೇಲೆ 100 ಎಎಚ್ ಅಂತ ಬರೆದಿದ್ದರೆ ನಂಬಬೇಡಿ. ಎರಡನೆಯದು ಬಿಎಂಎಸ್ ಎಷ್ಟು ಆಂಪಿಯರಿನದು ಎಂಬುದು. 30 ಪೌಂಡಿನ ಮೋಟಾರಿಗೆ 50 ಆಂಪಿಯರಿನದು ನಡೆಯುತ್ತದೆಯಾದರೂ ಮುಂದೆ ದೊಡ್ಡ ಮೋಟಾರಿಗೆ ಹೋಗುವ ಯೋಚನೆಯಿದ್ದರೆ ನಿರಂತರ 100 ಆಂಪಿಯರ್ ತಡೆಯುವಂಥದ್ದನ್ನೇ ಕೇಳಿ. ‘ಪೀಕ್ 100’ ಎಂದಷ್ಟೇ ಹೇಳಿದರೆ ಅದು ಕೆಲವು ಕ್ಷಣ ಮಾತ್ರ ತಡೆಯುವ ಲೆಕ್ಕ. ಮೂರನೆಯದು, ಚಳಿಗೆ ತನ್ನನ್ನು ತಾನೇ ಬೆಚ್ಚಗೆ ಮಾಡಿಕೊಳ್ಳುವ ಹೀಟರ್ ಇರುವ ಮಾದರಿಗೆ ಹೆಚ್ಚು ದುಡ್ಡು ಕೊಡಬೇಡಿ. ಈ ಸೆಲ್‌ಗಳನ್ನು ಚಾರ್ಜ್ ಮಾಡಬಾರದ್ದು ಸೊನ್ನೆ ಡಿಗ್ರಿಗಿಂತ ಕೆಳಗೆ. ಕೊಡಗಿನ ಡಿಸೆಂಬರ್ ಬೆಳಗೂ ಅಲ್ಲಿಗೆ ಹೋಗುವುದಿಲ್ಲ. ನಮಗಿರುವ ತೊಂದರೆ ಬಿಸಿಲಿನದು. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ಬಿಟ್ಟ ಬ್ಯಾಟರಿಯನ್ನು ತಂದ ಕೂಡಲೇ ಚಾರ್ಜಿಗೆ ಹಾಕಿದರೆ ಬಿಎಂಎಸ್ ಒಪ್ಪದೇ ಇರಬಹುದು. ಅದು ಕೆಟ್ಟಿದೆ ಅಂತ ಅಂಗಡಿಗೆ ಓಡುವ ಮೊದಲು ನೆರಳಿನಲ್ಲಿ ಎರಡು ಗಂಟೆ ತಣಿಯಲು ಬಿಡಿ.

ಹೊಸ ಬ್ಯಾಟರಿಯ ನಿಜವಾದ ಎಎಚ್ ಅಳೆಯುವುದು ಕಷ್ಟದ ಕೆಲಸವಲ್ಲ, ವಾರಂಟಿ ಇರುವಾಗಲೇ ಮಾಡಿ ಮುಗಿಸಬೇಕು. 55/60 ವಾಟಿನ ಎಚ್4 ಹೆಡ್‌ಲೈಟ್ ಬಲ್ಬ್ ಎರಡನ್ನು ಪ್ಯಾರಲಲ್ ಆಗಿ ಜೋಡಿಸಿ, ಒಂದೊಂದು ಬಲ್ಬಿನಲ್ಲಿ ಒಂದೇ ಫಿಲಮೆಂಟ್ ಉರಿಯಲಿ. ಒಟ್ಟು ಎಳೆತ 9ರಿಂದ 10 ಆಂಪಿಯರ್ ಆಗುತ್ತದೆ. ನಡುವೆ ಎಎಚ್ ಎಣಿಸುವ ಶಂಟ್ ಮೀಟರ್ ಹಾಕಿ. ಮೊದಲು ಬ್ಯಾಟರಿಯನ್ನು 14.4 ವೋಲ್ಟ್‌ಗೆ ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಬಲ್ಬ್ ಹೊತ್ತಿಸಬೇಕು. ಬಲ್ಬಿನ ಗಾಜು ಕೈ ಸುಡುವಷ್ಟು ಕಾಯುತ್ತದೆ, ಹೆಂಚಿನ ಅಥವಾ ಕಲ್ಲಿನ ಮೇಲೆ ಇಡಿ, ಪ್ಲಾಸ್ಟಿಕ್ ಹತ್ತಿರ ಬೇಡ. ಬಿಎಂಎಸ್ ತಾನಾಗಿ ಕಡಿಯುವ ಹೊತ್ತಿಗೆ ಮೀಟರ್ 95ಕ್ಕಿಂತ ಮೇಲಿದ್ದರೆ ಮಾಲು ಸರಿಯಿದೆ. 80 ತೋರಿಸಿದರೆ ಮೀಟರಿನ ಫೋಟೋ ತೆಗೆದು ಬಿಲ್ಲಿನ ಜೊತೆ ವಾಪಸ್ ಕೊಡಿ. ಪರೀಕ್ಷೆ ಮುಗಿದ ದಿನವೇ ಮತ್ತೆ ಚಾರ್ಜ್ ಮಾಡಬೇಕು, ಖಾಲಿ ಬ್ಯಾಟರಿಯನ್ನು ಹಾಗೇ ಬಿಡಬಾರದು.

ಇನ್ನು ಕೇಬಲ್. ಮೋಟಾರ್ ಸೋತಂತೆ ಓಡುತ್ತಿದೆ, ಬ್ಯಾಟರಿ ಸರಿಯಿಲ್ಲ ಎಂಬ ದೂರುಗಳಲ್ಲಿ ತಪ್ಪು ಬಹಳ ಸಲ ತಂತಿಯದೇ ಆಗಿರುತ್ತದೆ. ಭಾರ ಹಂಚುವುದಕ್ಕಾಗಿ ಬ್ಯಾಟರಿಯನ್ನು ದೋಣಿಯ ನಡುವಿಗೆ ತಂದರೆ ಮೋಟಾರಿಗೆ ಸುಮಾರು ಮೂರು ಮೀಟರ್ ದೂರ. ಪಾಸಿಟಿವ್, ನೆಗೆಟಿವ್ ಸೇರಿ ಆರು ಮೀಟರ್ ತಂತಿ. ಮನೆಯ ವೈರಿಂಗಿನ 2.5 ಚದರ ಮಿಲಿಮೀಟರ್ ತಂತಿ ಎಳೆದರೆ 30 ಆಂಪಿಯರಿನಲ್ಲಿ 1.4 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಅಂದರೆ 40 ವಾಟಿಗೂ ಹೆಚ್ಚು ಶಕ್ತಿ ತಂತಿ ಕಾಯಿಸುವುದಕ್ಕೆ ಖರ್ಚು. 6 ಚದರ ಮಿಲಿಮೀಟರಿನದಾದರೆ 0.6 ವೋಲ್ಟ್, 16ರದಾದರೆ 0.2 ಚಿಲ್ಲರೆ. ಮೂರು ಮೀಟರ್ ದೂರಕ್ಕೆ 16 ಚದರ ಮಿಲಿಮೀಟರಿನ ಮೆತ್ತನೆಯ, ಸಣ್ಣ ಎಳೆಗಳ ತಾಮ್ರದ ಕೇಬಲ್ ಹಾಕಿ. ವೆಲ್ಡಿಂಗ್ ಕೇಬಲ್ ಮಾರುವ ಅಂಗಡಿಯಲ್ಲಿ ಇದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತಾಮ್ರವೋ, ತಾಮ್ರ ಲೇಪಿಸಿದ ಅಲ್ಯುಮಿನಿಯಮ್ಮೋ ಅಂತ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ ತೆಗೆದುಕೊಳ್ಳಿ. ಒಳಗೆ ಬಿಳಿ ಕಂಡರೆ ಬೇಡ.

ಲಗ್ಗನ್ನು ಇಕ್ಕಳದಲ್ಲಿ ಅಮುಕಿ ಕೂರಿಸುವುದು, ಸುತ್ತಿಗೆಯಲ್ಲಿ ಬಡಿಯುವುದು ಎರಡೂ ಬೇಡ. ಕ್ರಿಂಪಿಂಗ್ ಟೂಲ್ ಇರುವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತವರ ಲೇಪಿಸಿದ ತಾಮ್ರದ ಲಗ್ ಒತ್ತಿಸಿ, ಅಂಟು ಇರುವ ಹೀಟ್ ಶ್ರಿಂಕ್ ಏರಿಸಿ. ಟರ್ಮಿನಲ್ ಮೇಲೆ ಜೋಡಿಸುವ ಕ್ರಮಕ್ಕೂ ಅರ್ಥವಿದೆ: ಟರ್ಮಿನಲ್ಲಿಗೆ ತಾಗಿ ಮೊದಲು ಲಗ್, ಅದರ ಮೇಲೆ ಚಪ್ಪಟೆ ವಾಷರ್, ಆಮೇಲೆ ಸ್ಪ್ರಿಂಗ್ ವಾಷರ್, ಕೊನೆಗೆ ಬೋಲ್ಟ್. ಲಗ್ಗಿನ ಕೆಳಗೆ ಸ್ಟೀಲ್ ವಾಷರ್ ಸೇರಿಸಿದರೆ ಕರೆಂಟ್ ಅದರ ಮೂಲಕವೇ ಹೋಗಬೇಕಾಗುತ್ತದೆ, ಆ ಜಾಗ ಕಾಯುತ್ತದೆ, ಪ್ಲಾಸ್ಟಿಕ್ ಮೆತ್ತಗಾಗಿ ಬೋಲ್ಟ್ ಸಡಿಲವಾಗುತ್ತದೆ, ಸಡಿಲವಾದಷ್ಟೂ ಮತ್ತೆ ಕಾಯುತ್ತದೆ. ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ಟು, ಮೊಸಳೆ ಕ್ಲಿಪ್ಪು ಎರಡೂ ಇದೇ ಕಾರಣಕ್ಕೆ ನಿಷಿದ್ಧ. ಅರ್ಧ ಗಂಟೆ ಓಡಿಸಿ, ಮೋಟಾರ್ ನಿಲ್ಲಿಸಿದ ಕೂಡಲೇ ಎರಡೂ ಲಗ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಒಂದು ತಣ್ಣಗಿದ್ದು ಇನ್ನೊಂದು ಬಿಸಿಯಿದ್ದರೆ ಆ ಜೋಡಣೆ ಬಿಚ್ಚಿ ಮತ್ತೆ ಮಾಡಬೇಕು ಅಂತಲೇ ಅರ್ಥ.

ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಬ್ರೇಕರ್ ಕೂರಬೇಕು. 30 ಪೌಂಡಿಗೆ 50 ಆಂಪಿಯರ್, 55 ಪೌಂಡಿಗೆ 60. ಮನೆಯ ಎಸಿ ಎಂಸಿಬಿ ಇದಕ್ಕೆ ಮಾಡಿದ್ದಲ್ಲ, ಡಿಸಿ ಎಂದು ಬರೆದಿರುವ, ನೀರು ಸಿಡಿದರೂ ತಡೆಯುವ ಬ್ರೇಕರ್ ತೆಗೆದುಕೊಳ್ಳಿ. ಪ್ರೊಪೆಲರಿಗೆ ಅಂತರಗಂಗೆಯ ಬೇರೋ ಬಲೆಯೋ ಸುತ್ತಿ ಮೋಟಾರ್ ಸಿಕ್ಕಿಹಾಕಿಕೊಂಡಾಗ ಎಳೆತ ಏಕಾಏಕಿ ಏರುತ್ತದೆ. ಆಗ ಮೋಟಾರ್ ಸುಡದಂತೆ ಕಾಯುವುದು ಇದೊಂದೇ.

ಚಾರ್ಜರ್ ವಿಷಯದಲ್ಲಿ ರಾಜಿ ಬೇಡ. ಬೇಕಾದದ್ದು 14.4ರಿಂದ 14.6 ವೋಲ್ಟ್‌ಗೆ ನಿಲ್ಲುವ ಲಿಥಿಯಂ ಐರನ್ ಫಾಸ್ಫೇಟ್ ಚಾರ್ಜರ್. 20 ಆಂಪಿಯರಿನದಾದರೆ ಐದು ಗಂಟೆ, 10ರದಾದರೆ ರಾತ್ರಿಯೆಲ್ಲ. ಮನೆಯ ಇನ್ವರ್ಟರಿಗೆ ಕಟ್ಟಿ ಚಾರ್ಜ್ ಮಾಡುವುದು, ಡೀಸಲ್ಫೇಷನ್ ಅಥವಾ ಈಕ್ವಲೈಸ್ ಎಂಬ ಹಂತವಿರುವ ಹಳೇ ಲೆಡ್ ಆಸಿಡ್ ಚಾರ್ಜರ್ ಬಳಸುವುದು ಸಲ್ಲದು. ಆ ಹಂತದಲ್ಲಿ ವೋಲ್ಟೇಜ್ 15 ದಾಟಿ ಹೋಗಬಹುದು, ಬಿಎಂಎಸ್ ಪ್ರತಿ ಸಲ ಕಡಿಯುತ್ತದೆ. ಇನ್ನೊಂದು ಗೊಂದಲ ಎಲ್ಲರಿಗೂ ಬರುವಂಥದ್ದು. ಪೂರ್ತಿ ಖಾಲಿಯಾದ ಬ್ಯಾಟರಿಯ ಬಿಎಂಎಸ್ ಹೊರಗಿನ ಸಂಪರ್ಕ ಕಡಿದುಕೊಂಡು ನಿದ್ದೆಗೆ ಹೋಗುತ್ತದೆ. ಮಲ್ಟಿಮೀಟರ್ ಇಟ್ಟರೆ ಸೊನ್ನೆಯೋ ಎರಡು ಮೂರು ವೋಲ್ಟೋ ಕಾಣುತ್ತದೆ. ಸಾಮಾನ್ಯ ಚಾರ್ಜರ್ ಎದುರಿಗೆ ಬ್ಯಾಟರಿಯೇ ಇಲ್ಲವೆಂದುಕೊಂಡು ಸುಮ್ಮನಿರುತ್ತದೆ. ಬ್ಯಾಟರಿ ಸತ್ತಿರುವುದಿಲ್ಲ. ಸೊನ್ನೆ ವೋಲ್ಟಿನಿಂದ ಎಬ್ಬಿಸುವ ಸೌಲಭ್ಯವಿರುವ ಲಿಥಿಯಂ ಚಾರ್ಜರ್ ಇದ್ದರೆ ಅದು ತಾನೇ ಎಚ್ಚರವಾಗುತ್ತದೆ. ಕೊಳ್ಳುವಾಗಲೇ ಈ ಸೌಲಭ್ಯ ಇದೆಯೇ ಅಂತ ಕೇಳಿ.

ಈ ಬ್ಯಾಟರಿಯ ನಿಜವಾದ ಕೊರತೆ ಒಂದಿದೆ, ಅದನ್ನು ಮುಚ್ಚಿಡಬಾರದು. ಲೆಡ್ ಆಸಿಡ್ ಖಾಲಿಯಾಗುತ್ತಾ ಬಂದಂತೆ ಮೋಟಾರ್ ನಿಧಾನವಾಗುತ್ತದೆ, ‘ಇನ್ನು ತಿರುಗಿಸು’ ಅಂತ ಅದೇ ಹೇಳುತ್ತದೆ. ಲಿಥಿಯಂ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕೊಟ್ಟು ಒಮ್ಮೆಲೇ ಕಡಿದುಬಿಡುತ್ತದೆ. ತುಂಬಿದಾಗ ವಿಶ್ರಾಂತಿಯಲ್ಲಿ 13.3, ಮೂರನೇ ಒಂದು ಭಾಗ ಉಳಿದಾಗಲೂ 13ರ ಹತ್ತಿರ. ಬರೀ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳುವುದು ಆಗದ ಮಾತು. ಪರೀಕ್ಷೆಗೆ ಬಳಸಿದ ಶಂಟ್ ಮೀಟರನ್ನೇ ದೋಣಿಯಲ್ಲಿ ಕಾಯಂ ಆಗಿ ಕೂರಿಸಿ. ಬ್ಯಾಟರಿಯ ಮೊಬೈಲ್ ಆ್ಯಪ್ ತೋರಿಸುವ ಶೇಕಡಾವಾರು ಆಗಾಗ ಪೂರ್ತಿ ಚಾರ್ಜ್ ಆಗದಿದ್ದರೆ ದಾರಿ ತಪ್ಪುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ಮೂರನೇ ಒಂದು ಭಾಗ ಖರ್ಚಾದ ಜಾಗದಿಂದ ತಿರುಗಿ. ಹುಟ್ಟು ಇಲ್ಲದೆ ದಡ ಬಿಡಲೇಬೇಡಿ, ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು.

ಫಿಶ್ ಫೈಂಡರ್ ಇದ್ದರೆ ಅದಕ್ಕೆ ಯುಪಿಎಸ್‌ನಲ್ಲಿ ಬರುವ 12 ವೋಲ್ಟಿನ 7 ಎಎಚ್ ಬ್ಯಾಟರಿ ಪ್ರತ್ಯೇಕವಾಗಿ ಇಡಿ. ಸಣ್ಣ ಪರದೆಯದು ಅರ್ಧ ಆಂಪಿಯರ್ ಎಳೆದರೂ ಒಂದು ದಿನಕ್ಕೆ ಸಾಕು. ಮೋಟಾರಿನ ಬ್ಯಾಟರಿಗೇ ಕಟ್ಟಿದರೆ ಮೋಟಾರ್ ತಿರುಗಿದಾಗೆಲ್ಲ ಪರದೆ ತುಂಬಾ ಗೀರುಗಳು ಬರುತ್ತವೆ.

ಬ್ಯಾಟರಿ ಪೆಟ್ಟಿಗೆಗೂ ಗಾಳದ ಸಾಮಾನಿನ ಟ್ಯಾಕಲ್ ಪೆಟ್ಟಿಗೆಗೂ ನಡುವೆ ಅಂತರ ಇರಲಿ. ಸೀಸದ ಗುಂಡು, ಇಕ್ಕಳ, ಗಾಳ ಬಿಡಿಸುವ ಕತ್ತರಿ ಇಂಥವು ಉರುಳಿ ಎರಡು ಟರ್ಮಿನಲ್ ಮೇಲೆ ಅಡ್ಡಬಿದ್ದರೆ ಕಿಡಿ ಹಾರಿ ಲೋಹ ಕರಗುವಷ್ಟು ಕರೆಂಟ್ ಹರಿಯುತ್ತದೆ. ಟರ್ಮಿನಲ್‌ಗಳಿಗೆ ರಬ್ಬರ್ ಟೋಪಿ ಹಾಕಿ, ಬ್ಯಾಟರಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಪಟ್ಟಿ ಬಿಗಿಯಿರಿ. ದೋಣಿಯ ತಳದಲ್ಲಿ ನಿಲ್ಲುವ ನೀರು ತಾಗದಂತೆ ಡಬ್ಬಿಯ ಕೆಳಗೆ ಎರಡು ಮರದ ಪಟ್ಟಿ ಸಾಕು.

ಇಷ್ಟೆಲ್ಲ ಮಾಡಿ ಸದ್ದಿಲ್ಲದ ಮೋಟಾರ್ ಕಟ್ಟುವುದು ಯಾವ ಮೀನಿಗಾಗಿ? ಮುಖ್ಯವಾಗಿ ಕುಚ್ಚು ಮೀನಿಗೆ, ಅಂದರೆ ಮುರೆಲ್‌ಗೆ. ತಾವರೆ ಎಲೆ, ಅಂತರಗಂಗೆಯ ಅಂಚಿನಲ್ಲಿ ಅದು ಕೂರುವುದರಿಂದ ಒಂದನೇ ಸ್ಪೀಡಿನಲ್ಲಿ ಅಂಚಿನಿಂದ ದೂರವಿದ್ದುಕೊಂಡೇ ಎಸೆಯಬೇಕು. ಹತ್ತಿರ ಹೋಗಿ ಸ್ವಿಚ್ ಹಾಕಿ ತೆಗೆದು ಮಾಡುವುದಕ್ಕಿಂತ ಒಂದೇ ಸಮನೆ ನಿಧಾನ ತಿರುಗುವ ಮೋಟಾರಿಗೆ ಮೀನು ಬೆದರುವುದು ಕಡಿಮೆ. ಏಳು ಅಡಿಯ ಮೀಡಿಯಂ ಹೆವಿ ರಾಡ್, 3000 ಅಥವಾ 4000 ಸೈಜಿನ ರೀಲ್, 40ರಿಂದ 50 ಪೌಂಡಿನ ಬ್ರೇಡ್ (ಹೆಣೆದ ದಾರ). ರಬ್ಬರ್ ಕಪ್ಪೆಯನ್ನು ಲೀಡರ್ (ತುದಿಗೆ ಸೇರಿಸುವ ಬೇರೆ ದಾರ) ಇಲ್ಲದೆ ನೇರ ಬ್ರೇಡಿಗೇ ಪಾಲೊಮಾರ್ ಗಂಟಿನಲ್ಲಿ ಕಟ್ಟಿ. ಸಣ್ಣ ಅಂಗಡಿಗಳಲ್ಲಿ ಸಿಗುವ ಕಪ್ಪೆಗಳ ರಬ್ಬರ್ ಗಟ್ಟಿ, ಮೀನು ಕಚ್ಚಿದಾಗ ಅಮುಕಿಕೊಳ್ಳುವುದಿಲ್ಲ, ಗಾಳ ಹೊರಗೆ ಬರುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ಎರಡೂ ಮೊನೆ ಪೂರ್ತಿ ಹೊರಗೆ ಕಂಡರೆ ಮಾತ್ರ ಕೊಳ್ಳಿ. ಸದ್ದಿಗೆ ಬೆಚ್ಚಿ ಕೂಡಲೇ ಜಗ್ಗಬಾರದು. ಮೀನು ಬಾಯಿ ಮುಚ್ಚಿ ದಾರ ಎಳೆಯುವುದು ಕಂಡ ಮೇಲೆ ಜಗ್ಗಿ.

ಗೆಂಡೆ, ರೋಹುಗಾದರೆ ಬ್ರೇಡ್ ಬೇಡ, 12ರಿಂದ 15 ಪೌಂಡಿನ ಟಂಗುಸಿ ದಾರ ಸಾಕು. ಅದು ಎಳೆದಾಗ ಹಿಗ್ಗುವುದೇ ಮೀನಿನ ಮೆತ್ತನೆಯ ಬಾಯಿ ಹರಿಯದಂತೆ ಕಾಯುತ್ತದೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಕಡಲೆಕಾಯಿ ಹಿಂಡಿ ಕಲಸಿ ನಾದಿದ ಉಂಡೆ ನೀರಿನಲ್ಲಿ ಬೇಗ ಕರಗುವುದಿಲ್ಲ. ರೀಲಿನ ಡ್ರ್ಯಾಗನ್ನು (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬಿಗಿ) ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ದಾರದ ಬಲದ ಕಾಲು ಭಾಗಕ್ಕೆ ಹೊಂದಿಸಿ. 12 ಪೌಂಡಿಗೆ ಸುಮಾರು 1.4 ಕಿಲೋ. ಕಾವೇರಿ ಕೊಳ್ಳದ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ. ಅಕಸ್ಮಾತ್ ಗಾಳಕ್ಕೆ ಬಿದ್ದರೆ ನೀರಿನಲ್ಲಿಟ್ಟುಕೊಂಡೇ ಬಿಡಿಸಿ ಬಿಡಬೇಕು. ಅಭಯಾರಣ್ಯದ ನೀರಿಗಂತೂ ಗಾಳ ಒಯ್ಯಬೇಡಿ.

ಕೆರೆಗಳ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಕೇಳದೆ ದೋಣಿ ಇಳಿಸಬಾರದು. ತೇಲುವ ಥರ್ಮೋಕೋಲ್ ತುಂಡು, ಖಾಲಿ ಬಾಟಲಿಗಳ ಸಾಲು ಕಂಡರೆ ಕೆಳಗೆ ಬಲೆ ಇದೆ ಅಂತ ತಿಳಿದು ಮೋಟಾರ್ ಮೇಲೆತ್ತಿ ಹುಟ್ಟು ಹಾಕಿ ದಾಟಿ. ಪ್ರೊಪೆಲರ್ ಹರಿದ ಬಲೆ ಒಂದು ಮನೆಯ ಆ ವಾರದ ಸಂಪಾದನೆ. ಮನೆಗೆ ಬಂದ ಮೇಲೆ ಪ್ರೊಪೆಲರಿನ ನಟ್ಟು ಬಿಚ್ಚಿ ಹಿಂದೆ ನೋಡಿ. ಶಾಫ್ಟಿಗೆ ಸುತ್ತಿದ ಟಂಗುಸಿ ದಾರ ಕಣ್ಣಿಗೆ ಕಾಣದಂತೆ ಸೀಲನ್ನು ಕೊಯ್ಯುತ್ತದೆ, ಅಲ್ಲಿಂದ ನೀರು ಒಳಗೆ ಹೋಗಿ ಮೋಟಾರೇ ಹಾಳಾಗುತ್ತದೆ. ಪ್ರೊಪೆಲರನ್ನು ಶಾಫ್ಟಿನ ಜೊತೆ ತಿರುಗಿಸುವ ಡ್ರೈವ್ ಪಿನ್ ಕಳೆಯದಂತೆ ಒಂದು ಬಟ್ಟಲಲ್ಲಿ ಹಾಕಿಟ್ಟುಕೊಂಡು ಈ ಕೆಲಸ ಮಾಡಿ, ಒಂದು ಹೆಚ್ಚುವರಿ ಪಿನ್ ಟ್ಯಾಕಲ್ ಪೆಟ್ಟಿಗೆಯಲ್ಲಿ ಸದಾ ಇರಲಿ.

ವರ್ಷಕ್ಕೆ ನಾಲ್ಕೈದು ಸಲ ಮಾತ್ರ, ಅದೂ ಸಣ್ಣ ಕೆರೆಯಲ್ಲಿ ಗಾಳ ಹಾಕುವವರಿಗೆ ಇದೆಲ್ಲ ಬೇಕಿಲ್ಲ, ತೆಪ್ಪವೂ ಹುಟ್ಟೂ ಸಾಕು. ತಿಂಗಳಿಗೆ ಎರಡು ಮೂರು ಸಲ ಜಲಾಶಯಕ್ಕೆ ಇಳಿಯುವವರು ಖಂಡಿತ ಕೊಳ್ಳಲಿ. ಬಿಲ್ಲಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿ, ಬಿಎಂಎಸ್ ಒಂದೇ ಕೆಟ್ಟರೆ ಬದಲಿಸಿ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಮಳೆಗಾಲದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಟ್ಟು, ಶಂಟ್ ಮೀಟರ್ ಸಹಿತ ಎಲ್ಲ ತಂತಿ ಬಿಚ್ಚಿ, ಒಣ ಜಾಗದಲ್ಲಿ ಇಡಿ. ಮೀಟರ್ ಎಳೆಯುವುದು ಕೆಲವೇ ಮಿಲಿಆಂಪಿಯರ್ ಆದರೂ ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿಯನ್ನು ಇಳಿಸುತ್ತಲೇ ಹೋಗುತ್ತದೆ. ಎರಡು ತಿಂಗಳಿಗೊಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ, 13 ವೋಲ್ಟಿಗಿಂತ ಕೆಳಗಿದ್ದರೆ ಎರಡು ಗಂಟೆ ಚಾರ್ಜಿಗೆ ಹಾಕಿ.